ಭಾವ ಕುಡಿತ ಬಿಟ್ಟದ್ದು

ಅಕ್ಕನ ಗಂಡನನ್ನು ಬಹುವಚನದಲ್ಲಿ ಮಾತಾಡಿಸುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ತಿಳವಳ್ಳಿಯಲ್ಲಿ ಅವನು ಪಂಚಾಯ್ತಿ ಸದಸ್ಯ. ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು ಊರಿನ ಜಗಳ ಬಗೆಹರಿಸುವ ದೊಡ್ಡ ಮನುಷ್ಯ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಗ್ಲಾಸು ಹಿಡಿಯುತ್ತಿದ್ದ. ಯಾರಾದರೂ ಕೇಳಿದರೆ, "ಗಟಾರದಾಗ ಬೀಳಾವ್ರು ಕುಡುಕ್ರು. ನಾ ಎಂದಾರ ಬಿದ್ದೇನೇನು?" ಎನ್ನುತ್ತಿದ್ದ. ಬೀಳದಂತೆ ಹಿಡಿಯುತ್ತಿದ್ದವಳು ಅಕ್ಕ. ಅದು ಅವನಿಗೆ ಎಂದೂ ಹೊಳೆಯಲಿಲ್ಲ.

ಕಳೆದ ವರ್ಷ ಅವನ ಕಣ್ಣು ಹಳದಿಯಾದವು, ಕಾಲು ಬಾತವು. ಅಕ್ಕ ಹಾನಗಲ್ಲಿನ ದವಾಖಾನೆಗೆ ಕರೆತಂದಳು. ನಾನು ಇಲ್ಲೇ ಹೈಸ್ಕೂಲಿನಲ್ಲಿ ಕಲಿಸುವವನು, ಜೊತೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಲಿವರ್ ಕೆಟ್ಟೈತಿ, ಕುಡಿಯೂದು ಬಿಡಬೇಕು. ಆದ್ರ ಮನ್ಯಾಗ ಒಮ್ಮಿಗ್ಲೇ ಬಿಡಬ್ಯಾಡ್ರಿ. ಇಲ್ಲಿ ಅಡ್ಮಿಟ್ ಆಗ್ರಿ, ಔಷಧ ಕೊಟ್ಟು ಬಿಡಸ್ತೇವಿ," ಎಂದರು.

ಒಬ್ಬ ಹುಡುಗಿ ತನಗೆ ಬುದ್ಧಿ ಹೇಳಿದಳೆಂಬುದೇ ಭಾವನಿಗೆ ಅವಮಾನ. "ಕುಡಿಯಾಕ ಬಂದಾವಗ ಬಿಡಾಕ ಬರೂದಿಲ್ಲೇನು?" ಎಂದು ಎದ್ದು ಹೊರಟ.

ಆಗ ಹಂಸಭಾವಿಯಿಂದ ಅವನ ಅಣ್ಣ ಬಂದಿಳಿದ. ಬೀಡಿಯನ್ನೂ ಸೇದದ ಮನುಷ್ಯ. ಆ ಒಂದೇ ಅರ್ಹತೆಯ ಮೇಲೆ ಜಗತ್ತಿಗೆಲ್ಲ ಉಪದೇಶ ಮಾಡುತ್ತಾನೆ. ನಂಟರನ್ನು ಕೂಡಿಸಿ, ದೇವರ ಮುಂದೆ ತಮ್ಮನಿಂದ ಆಣೆ ಮಾಡಿಸಿ, ಗೋವಿನಜೋಳದ ಚೀಲ ಒಟ್ಟಿದ ಕೋಣೆಯಲ್ಲಿ ಅವನನ್ನು ಹಾಕಿ ಕೀಲಿ ಜಡಿದ. ನಂಟರು ಭೇಷ್ ಎಂದರು, ಹೋಳಿಗೆ ಉಂಡರು, ಹೋದರು.

ಎರಡು ದಿನದ ಮೇಲೆ, ರವಿವಾರ, ನಾನು ತಿಳವಳ್ಳಿಗೆ ಹೋಗಿ ಹಟ ಮಾಡಿ ಬಾಗಿಲು ತೆಗೆಸಿದೆ. ಭಾವನ ಅಂಗಿ ಬೆವರಿಗೆ ಮೈಗಂಟಿತ್ತು. ಅಕ್ಕ ಕೊಟ್ಟ ಚಹಾ ಕೈ ನಡುಗಿ ತೊಡೆಯ ಮೇಲೆ ಚೆಲ್ಲಿತು. ಸುಟ್ಟದ್ದೂ ಅವನಿಗೆ ತಿಳಿಯಲಿಲ್ಲ. "ಇರುವಿ ಝಾಡಸ್ರಿ, ಮೈತುಂಬ ಇರುವಿ," ಎನ್ನುತ್ತ ಏನೂ ಇಲ್ಲದ ತೋಳನ್ನು ಉಜ್ಜುತ್ತಿದ್ದ.

"ವಿಷ ಹೊರಗ ಹೊಂಟೈತಿ. ಯಾರೂ ನಡುವ ಬರಬ್ಯಾಡ್ರಿ," ಎಂದ ಅವನ ಅಣ್ಣ.

"ಡಾಕ್ಟರು ಬ್ಯಾಡಂದಿದ್ದು ಇದನ್ನ. ಈಗ ದವಾಖಾನಿಗೆ ಒಯ್ಯೂನು," ಎಂದೆ.

"ಒಯ್ದರ ಊರ ಮಂದಿ ಏನಂತಾರ? ಗಾಳಿ ಸೋಕಿರಬೇಕು. ಹತ್ತಿಮತ್ತೂರಾಗ ನಿಂಬಿಹಣ್ಣು ಮಂತ್ರಿಸಿ ಕೊಡಾವ್ರು ಅದಾರ."

ಒಂದು ಉಸಿರಿನಲ್ಲಿ ವಿಷ, ಮುಂದಿನದರಲ್ಲಿ ಗಾಳಿ. ತಮ್ಮನ ಜೀವಕ್ಕಿಂತ ಊರ ಮಂದಿಯ ಬಾಯಿ ದೊಡ್ಡದು ಆ ಮಹಾಶಯನಿಗೆ.

ಅಷ್ಟರಲ್ಲಿ ಭಾವ ಚೀಲಗಳ ಮೇಲೆ ಬಿದ್ದು ಸೆಟೆದುಕೊಂಡ. ಬಾಯಲ್ಲಿ ನೊರೆ, ನಾಲಿಗೆ ಕಚ್ಚಿ ರಕ್ತ. ಉಪದೇಶಿ ಅಂಗಳಕ್ಕೆ ಓಡಿದ. ಅಕ್ಕ ಗಂಡನನ್ನು ಮಗ್ಗುಲಿಗೆ ತಿರುಗಿಸಿ ತಲೆ ಹಿಡಿದು ಕೂತಳು. ನಾನು ಪಕ್ಕದ ಮನೆಯವರ ಕಾರು ತರಿಸಿದೆ.

ಹಾನಗಲ್ಲಿನಲ್ಲಿ ಅದೇ ಡಾಕ್ಟರು. ಇಂಜೆಕ್ಷನ್ ಕೊಟ್ಟರು, ಸಲೈನ್ ಏರಿಸಿದರು. ಸೂಜಿ ಕಿತ್ತುಕೊಳ್ಳದಿರಲೆಂದು ಅವನ ಕೈಗಳನ್ನು ಮಂಚಕ್ಕೆ ಕಟ್ಟಬೇಕಾಯಿತು.

"ಕುಡಿತಕ್ಕ ಮೈ ಒಗ್ಗಿದಾವ್ರು ಒಮ್ಮಿಗ್ಲೇ ಬಿಟ್ರ ಹಿಂಗ ಫಿಟ್ಸ್ ಬರ್ತಾವ, ಇಲ್ಲದ್ದು ಕಾಣತೈತಿ. ಜೀವಾನೂ ಹೋಗತೈತಿ," ಎಂದರು. "ಅದಕ್ಕ ಇಲ್ಲಿಗೆ ಬರ್ರಿ ಅಂದಿದ್ದೆ."

ಕಾರಿನಲ್ಲಿ ಜೊತೆಗೆ ಬಂದಿದ್ದ ಅವನ ಅಣ್ಣ ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದ.

ಭಾವ ಉಳಿದ. ಡಾಕ್ಟರ ಗುಳಿಗೆಗಳ ಮೇಲೆ ನಿಂತಿದ್ದಾನೆ, ಕುಡಿಯುವುದಿಲ್ಲ. ಆದರೆ ನಡೆದರೆ ಜೋಲಿ ಹೊಡೆಯುತ್ತಾನೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ. ಲಿವರ್ ಪೂರ್ತಿ ಸುಧಾರಿಸಲಾರದಂತೆ. ಇತ್ತೀಚೆಗೆ, ಕುಡಿತ ಬಿಟ್ಟನೆಂದು ಊರಿನವರು ಸಭೆ ಮಾಡಿ ಅವನಿಗೆ ಶಾಲು ಹೊದಿಸಿದರು. "ಮನಸ್ಸು ಗಟ್ಟಿ ಮಾಡಿದೆ, ಅಷ್ಟ," ಎಂದು ಮೈಕಿನಲ್ಲಿ ಹೇಳಿದ. ದವಾಖಾನೆಯ ಸುದ್ದಿಯಿಲ್ಲ, ಅಕ್ಕನ ಸುದ್ದಿಯಿಲ್ಲ. ಪಕ್ಕದ ಕುರ್ಚಿಯಲ್ಲಿ ಅಣ್ಣನಿಗೂ ಒಂದು ಶಾಲು.

ಅಕ್ಕ ಅಲ್ಲಿಗೆ ಹೋಗಿರಲಿಲ್ಲ. ಯಾಕೆಂದು ಕೇಳಿದೆ.

"ಹೋಗಿ ಏನ ಕೇಳ್ಲಿ? ದಿನಾ ಗುಳಿಗಿ ನುಂಗ್ಸೂದ್ರಾಗ ಸಾಕಾಗೈತಿ," ಎಂದು ಅವಳು ಗೋವಿನಜೋಳ ಒಣಹಾಕಲು ಅಂಗಳಕ್ಕೆ ನಡೆದಳು.