ಕಾಫಿ ಹೂವಿನ ಉಬ್ಬಸ

ಸಿದ್ದಾಪುರದ ಕಡೆಯ ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯ ರಾಜಣ್ಣನವರಿಗೆ ಎಚ್‌ಐವಿ ಇತ್ತು. ಹೋದ ವರ್ಷ ಉಬ್ಬಸ ಶುರುವಾದಾಗ "ಕಾಫಿ ಹೂವಿನ ಅಲರ್ಜಿ, ತೋಟಕ್ಕಿಳಿಯಬೇಡಿ" ಅಂದವಳು ನರ್ಸಾದ ನಾನೇ. ಆಮೇಲೆ ನೋಡಿದರೆ ಶ್ವಾಸನಾಳದಲ್ಲಿ ಲಿಂಫೋಮಾ ಎಂಬ ಅಪರೂಪದ ಕ್ಯಾನ್ಸರ್. ಉಸಿರಾಡಲು ಕುತ್ತಿಗೆಗೆ ಪೈಪು ಹಾಕಿದರು.

ಈ ಸಲ ಮೊಗ್ಗು ಅರಳಿಸುವ ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಹೂವಿನಿಂದ ಬೆಳ್ಳಗಾದಾಗ ನೋಡಲು ಹೋದೆ. ಅವರು ಜಗಲಿಯಲ್ಲಿ ಕೂತು ಪೈಪಿನ ಬಾಯಿಗೆ ಬೆರಳು ಒತ್ತಿಕೊಂಡಿದ್ದರು.

"ಮಾತಾಡುವಾಗ ಮಾತ್ರ ಮುಚ್ಚಿ ಅಂದಿದ್ದೆನಲ್ಲ?" ಗದರಿದೆ.

"ಕುತ್ತಿಗೇಲಿ ಉಸಿರಾಡಿದ್ರೆ ವಾಸನೆ ಗೊತ್ತಾಗಲ್ಲ ಸಿಸ್ಟರ್," ಅಂದರು ಗೊರಗೊರ ದನಿಯಲ್ಲಿ. "ಹಿಂಗೆ ಮುಚ್ಚಿದ್ರೆ ಹೂವಿನ ಘಮ ಒಂಚೂರು ಮೂಗಿಗೆ ಬಡೀತದೆ. ಹೋದ ವರ್ಷದ್ದಂತೂ ನೀವು ತಪ್ಪಿಸಿದ್ರಿ."

ಪಕ್ಕದಲ್ಲಿ ಕೂತೆ. ನನಗೋ ಮೂರು ದಿನದಿಂದ ನೆಗಡಿ, ಮೇಲೆ ಮಾಸ್ಕು. ಹೇಗಿದೆ ಘಮ ಅಂತ ಅವರನ್ನೇ ಕೇಳಬೇಕಾಯಿತು.