ಗುರುತು ಹಾಕದ ಚೀಲ

ಅಕ್ಕ ನಂಬಿ ಕೊಟ್ಟ ಎರಡು ಚೀಲಗಳನ್ನು ನಾನು ತಲುಪಿಸಲಿಲ್ಲ. ಮೊದಲು 'ತಲುಪಿಸಲು ಆಗಲಿಲ್ಲ' ಎಂದು ಬರೆದು ಹೊಡೆದುಹಾಕಿದೆ. ತಲುಪಿಸಲಿಲ್ಲ ಎನ್ನುವುದೇ ಸರಿ.

ನಾನು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹಣ್ಣಿನ ದಲಾಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಅಪ್ಪ ವಿಜಯಪುರದ ಕಡೆಯಿಂದ ಬಂದು ಇಲ್ಲಿಯೇ ಹಮಾಲಿ ಮಾಡಿದವರು. ಹೊರಡುವ ಪ್ರತಿ ಚೀಲ, ಪ್ರತಿ ಪೆಟ್ಟಿಗೆಯ ಮೇಲೆ ಕರಿ ಮಸಿಯಲ್ಲಿ ಊರು ಮತ್ತು ತೆಗೆದುಕೊಳ್ಳುವವರ ಗುರುತು ಬರೆಯುವುದು ನನ್ನ ಕೆಲಸ. ಐದನೆಯ ಇಯತ್ತೆಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಕ್ಕ ಓದುತ್ತಲೇ ಹೋಗಿ ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರ್ ಆದಳು.

"ನನ್ನ ಕಾಲೇಜಿನ ಹುಡುಗೂರಕಿಂತ ನಿನ್ನ ಅಕ್ಷರ ಭಾಳ ಛಲೋ ಅದಾವ ನೋಡು," ಎಂದು ಅವಳು ಚೇಷ್ಟೆ ಮಾಡುತ್ತಿದ್ದಳು. "ಏನ್ ಮಾಡೂದು, ಚೀಲಕ್ಕ ಮಾರ್ಕ್ಸ್ ಕೊಡಾಕ ಬರಂಗಿಲ್ಲ."

ನಿವೃತ್ತಿಯಾದ ಮೇಲೆ ಅಕ್ಕ ವಾರಕ್ಕೆ ಮೂರು ದಿನ ಎಸ್‌ಟಿ ಬಸ್ಸಿನಲ್ಲಿ ಜೇಜುರಿ ದಾಟಿ, ಬಾರಾಮತಿ ರಸ್ತೆಯ ಒಂದು ಸಣ್ಣ ಊರಿಗೆ ಹೋಗತೊಡಗಿದಳು. ಅಲ್ಲಿ ಒಂದೇ ಕೋಣೆಯ ಗ್ರಂಥಾಲಯ. ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದಳು. ಅವಳದೊಂದು ಪದ್ಧತಿ ಇತ್ತು. ಪುಸ್ತಕ ಮರಳಿಸಲು ಬಂದವರನ್ನು ಕೂರಿಸಿ, ಓದಿದ್ದು ಏನು ಎಂದು ಕೇಳುವಳು. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ಹಳೆಯ ಉತ್ತರಪತ್ರಿಕೆಗಳ ಖಾಲಿ ಬದಿಯಲ್ಲಿ ಬರೆದು ಪುಸ್ತಕದೊಳಗೆ ಇಡುವಳು. ಮುಂದಿನವರು ಮೊದಲು ಆ ಕಾಗದ ಓದಿ, ಆಮೇಲೆ ಪುಸ್ತಕ ಒಯ್ಯುತ್ತಿದ್ದರು. ವರ್ಷಗಳು ಕಳೆದಂತೆ ಪುಸ್ತಕಗಳು ಉಬ್ಬಿ ಹೊಲಿಗೆ ಬಿಡತೊಡಗಿದವು. ಅಕ್ಕ ಕಾಗದಗಳನ್ನೆಲ್ಲ ಪುಣೆಗೆ ತಂದು, ಜೋಡಿಸಿ, ಎರಡು ಚೀಲದಲ್ಲಿ ಕಟ್ಟಿದಳು. ಅಷ್ಟರಲ್ಲಿ ಅವಳ ಕಣ್ಣಿನ ಆಪರೇಷನ್ ಆಯಿತು.

"ನಿಮ್ಮ ಟೆಂಪೋ ಆ ಕಡೆ ಹೋಗ್ತದಲ್ಲ, ಗ್ರಂಥಾಲಯದಾಗ ಇಳಿಸಿಬಿಡು," ಎಂದಳು. "ಅಲ್ಲಿಯವರು ಬೈಂಡ್ ಮಾಡಸ್ತಾರ. ನಕಲು ಇಲ್ಲ ಮತ್ತ, ನೆನಪಿರಲಿ."

ಚೀಲಗಳನ್ನು ತಂದು ಅಂಗಡಿಯ ಮೂಲೆಯಲ್ಲಿಟ್ಟೆ. ಗುರುತು ಬರೆಯಲಿಲ್ಲ. ಮನೆಯ ಚೀಲ, ಯಾರು ಮುಟ್ಟುತ್ತಾರೆ ಎಂದುಕೊಂಡೆ. ನಮ್ಮ ಅಂಗಡಿಯಲ್ಲಿ ಗುರುತಿಲ್ಲದ ಕಾಗದದ ಚೀಲವೆಂದರೆ ಪೆಟ್ಟಿಗೆಯಲ್ಲಿ ಹಣ್ಣಿನ ಕೆಳಗೆ ಹಾಸುವ ರದ್ದಿ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಮರುದಿನ ಚಹಾ ಕುಡಿದು ಬಂದಾಗ ದಾಳಿಂಬೆ ತುಂಬುವ ಹೆಂಗಸರು ಒಂದು ಚೀಲ ಖಾಲಿ ಮಾಡಿದ್ದರು. ಎರಡನೆಯದು ಅರ್ಧ ಉಳಿದಿತ್ತು. ಒಬ್ಬಳ ಕೈಯಲ್ಲಿ ಅಕ್ಕನ ಅಕ್ಷರ ಕಂಡಿತು. ಆ ಕಾಗದವನ್ನು ಮುದ್ದೆ ಮಾಡಿ ಪೆಟ್ಟಿಗೆಯ ಮೂಲೆಗೆ ಒತ್ತಿದಳು.

"ಅಣ್ಣಾ, ಈ ರದ್ದಿ ಸಾಲದು, ಇನ್ನೊಂದು ಚೀಲ ತಾ," ಎಂದಳು ಮರಾಠಿಯಲ್ಲಿ.

"ಇಷ್ಟರಲ್ಲೇ ಮುಗಿಸಿ," ಎಂದೆ.

ಲಾರಿ ನಿಂತಿತ್ತು, ಮಾಲೀಕರು ಕೂಗುತ್ತಿದ್ದರು. ಅದು ಕಾರಣವಲ್ಲ. ಲಾರಿ ದಿನಾಲೂ ನಿಲ್ಲುತ್ತದೆ, ಅವರು ದಿನಾಲೂ ಕೂಗುತ್ತಾರೆ. ತಡೆದರೆ ನನ್ನದೇ ತಪ್ಪೆಂದು ಅಷ್ಟು ಜನರ ಮುಂದೆ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ಪೆಟ್ಟಿಗೆ ಮುಚ್ಚಿದ ಮೇಲೆ ಒಂದೊಂದರ ಮೇಲೂ ಚೆಂದವಾಗಿ ಗುರುತು ಬರೆದೆ.

ಅಕ್ಕನಿಗೆ ಫೋನ್ ಮಾಡಿ, ಕಾಗದಗಳು ಟೆಂಪೋದಲ್ಲಿ ಮಳೆಗೆ ತೊಯ್ದು ಮುದ್ದೆಯಾದವು ಎಂದೆ.

"ನೀ ತೊಯ್ದಿಲ್ಲಲ್ಲ?" ಎಂದಳು. "ಹೋಗ್ಲಿ ಬಿಡು."

ಆ ದಿನ ಊಟ ಸರಿಯಾಗಿಯೇ ಮಾಡಿದೆ. ದುಃಖ ಬರಲಿಲ್ಲ. ಕೂತು ಕೂತು ಕಾಲು ಮರಗಟ್ಟಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಎರಡು ವರ್ಷ ಹಾಗೆಯೇ ಇತ್ತು.

ಕಳೆದ ತಿಂಗಳು ಗ್ರಂಥಾಲಯಕ್ಕೆ ಯಾರೋ ಕಬ್ಬಿಣದ ಕಪಾಟು ಕೊಟ್ಟರು. ಅದರ ಹಲಗೆ ಜೋಡಿಸಲು ಅಕ್ಕ ನನ್ನನ್ನು ಕರೆದೊಯ್ದಳು. ನಾನು ಆ ಗ್ರಂಥಾಲಯದೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಸ್ಕ್ರೂ ಬಿಗಿಯುತ್ತಿದ್ದಾಗ ಒಬ್ಬ ಅಜ್ಜಿ ಬಂದಳು. ಅವಳ ಗಂಡ ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸುತ್ತಿದ್ದವ, ಇಲ್ಲಿಯ ಪುಸ್ತಕ ಓದುತ್ತಿದ್ದವನಂತೆ. ತೀರಿಕೊಂಡು ವರ್ಷವಾಗಿತ್ತು.

"ಮ್ಯಾಡಮ್, ನಮ್ಮ ಯಜಮಾನರ ಕಾಗದ ಸಿಕ್ಕಿತೇ?" ಎಂದು ಮರಾಠಿಯಲ್ಲಿ ಕೇಳಿದಳು. "ನನಗೆ ಓದಲು ಬರುವುದಿಲ್ಲ. ಒಮ್ಮೆ ಓದಿ ಹೇಳಿದರೆ ಸಾಕು."

"ಹೋದ ಸಲವೇ ಹೇಳಿದೆನಲ್ಲ ತಾಯಿ, ಮಳೆಗೆ ಹೋದವು," ಎಂದಳು ಅಕ್ಕ. "ನನ್ನದೇ ತಪ್ಪು. ನಾನೇ ಒಯ್ಯಬೇಕಿತ್ತು."

ನನ್ನ ಸುಳ್ಳನ್ನು ಅಕ್ಕ ಎರಡು ವರ್ಷದಿಂದ ತನ್ನ ತಪ್ಪೆಂದು ಹೇಳುತ್ತಿದ್ದಳು.

"ಎತ್ತಿನ ವಿಷಯ ಹೇಳಿದ್ದರು," ಎಂದು ಅಕ್ಕ ನೆನಪು ಮಾಡಿಕೊಂಡಳು. "ಆ ಪುಸ್ತಕ ಬರೆದವನು ಒಂದು ದಿನವೂ ಎತ್ತು ಹೂಡಿಲ್ಲ, ಅವನ ಎತ್ತು ಮೇಯುವುದೇ ಇಲ್ಲ, ಬರೀ ನಡೆಯುತ್ತದೆ ಎಂದಿದ್ದರು."

ಅಜ್ಜಿ ನಕ್ಕಳು. "ಹೌದು, ಹಾಗೆಯೇ ಬೈಯುತ್ತಿದ್ದರು. ಆಮೇಲೆ?"

ಅಕ್ಕ ಕಣ್ಣು ಮುಚ್ಚಿ ಕುಳಿತಳು. ಆಮೇಲಿನದು ಅವಳಿಗೆ ನೆನಪಾಗಲಿಲ್ಲ. ಅಜ್ಜಿ ಕಾಯುತ್ತಲೇ ಇದ್ದಳು.

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. ಕನ್ನಡದಲ್ಲಿ ಹೇಳಿದರೆ ಅಜ್ಜಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಮೊದಲು ಮರಾಠಿಯಲ್ಲಿ, ಗುರುತು ಹಾಕದ್ದು, ದಾಳಿಂಬೆ ಪೆಟ್ಟಿಗೆ, ಉಳಿದಿದ್ದ ಅರ್ಧ ಚೀಲ, ಎಲ್ಲವನ್ನೂ ಅವಳಿಗೆ ಹೇಳಿ ಕೈಮುಗಿದೆ. ಆಮೇಲೆ ಅಕ್ಕನ ಕಡೆ ತಿರುಗಿದೆ.

"ಅಕ್ಕಾ, ಅವತ್ತ ಮಳೀನ ಆಗಿದ್ದಿಲ್ಲ. ಅರ್ಧ ಚೀಲ ಉಳಿದಿತ್ತು, ನಾ ಕಣ್ಣಾರೆ ನೋಡೀನಿ, ಸುಮ್ನ ನಿಂತೀನಿ. ನಿನ್ನ ತಪ್ಪಲ್ಲ ಅದು, ನಂದು. ತಪ್ಪಾತು ಅಕ್ಕಾ."