ಆರಾಮ್ ಅಂತ ಹೇಳಬ್ಯಾಡ್ರಿ

ಮೊನ್ನೆ ಸೂಪರ್ ಮಾರ್ಕೆಟ್ ರಸ್ತೆಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಗಾಡಿ ದಾಟುವಾಗ ಆ ವಾಸನೆ ಮೂಗಿಗೆ ಬಡಿಯಿತು. ಕಾಲು ಅಲ್ಲೇ ನಿಂತಿತು. ಹಿಂದಿನ ಆಟೋದವನು ಹಾರ್ನ್ ಹೊಡೆದು ಬೈದರೂ ಸರಿಯಲಾಗಲಿಲ್ಲ. ನಮ್ಮ ನರ್ಸಬಾಯಿ ನೆನಪಾದರು…

ಕೊರೊನಾ ಕಾಲ. ಜೇವರ್ಗಿ ಕಾಲೋನಿಯ ನಮ್ಮ ಓಣಿಗೆ ಅಡ್ಡ ತಗಡು ಬಡಿದು ಸೀಲ್ ಮಾಡಿದ್ದರು. ಬಿರುಬಿಸಿಲಿನಲ್ಲಿ ಅಪ್ಪ, ಅವ್ವ, ನಾನು ಎರಡು ಕೋಣೆಯಲ್ಲಿ ಕುದಿಯುತ್ತಿದ್ದೆವು. ನಾವು ಕಿಟಕಿ ತೆರೆದರೆ ಎದುರು ಮನೆಯವರು ತಮ್ಮದನ್ನು ಮುಚ್ಚುತ್ತಿದ್ದರು. ತಗಡು ದಾಟಿ ಬರುತ್ತಿದ್ದವರು ಒಬ್ಬರೇ, ಕಮಲಾಪುರದಿಂದ ಓಡಾಡುತ್ತಿದ್ದ ಸರ್ಕಾರಿ ದವಾಖಾನೆಯ ನರ್ಸಬಾಯಿ.

ಮೊದಮೊದಲು ಅವರೂ ಗೇಟಿನಲ್ಲಿ ನಿಂತು, "ಎಲ್ಲಾರೂ ಆರಾಮ್ ಇದ್ದೀರೇನ್ರಿ?" ಎನ್ನುತ್ತಿದ್ದರು. ನಮ್ಮ ಕಡೆ ಹಾಗೆ ಕೇಳಿದರೆ ಜ್ವರದಲ್ಲಿ ನಡುಗುವವನೂ "ಆರಾಮ್ ಅದೀನ್ರಿ" ಎನ್ನುತ್ತಾನೆ. ಹಿಂದಿನ ಓಣಿಯಲ್ಲಿ ಹಾಗೆ ಅಂದವರೊಬ್ಬರು ಮರುದಿನವೇ ತೀರಿಕೊಂಡರು. ಅಂದಿನಿಂದ ಅವರು ಪ್ರಶ್ನೆಯನ್ನೇ ಬದಲಿಸಿದರು. ದವಾಖಾನೆಯ ಉಳಿದವರಿಗೂ ಅದನ್ನೇ ಕಲಿಸಿದರು.

"ಆರಾಮ್ ಅಂತ ಹೇಳಬ್ಯಾಡ್ರಿ. ನಿನ್ನೆ ಏನ್ ಉಂಡ್ರಿ, ರುಚಿ ಹತ್ತಿತೇನು, ಅದನ್ನ ಹೇಳ್ರಿ."

ಅಪ್ಪನ ಮೈ ಸುಡುತ್ತಿತ್ತು. ದವಾಖಾನೆಗೆ ಒಯ್ದರೆ ತಿರುಗಿ ಬರುವುದಿಲ್ಲವೆಂಬ ಹೆದರಿಕೆಗೆ, ಬಾಯಿ ಬಿಡಬಾರದೆಂದು ನಮ್ಮಿಂದ ಆಣೆ ಹಾಕಿಸಿಕೊಂಡಿದ್ದ. "ಜುಣಕ ರೊಟ್ಟಿ ಉಂಡೀನ್ರಿ, ಛಲೋ ಇತ್ತು!" ಎಂದು ಒಳಗಿನಿಂದಲೇ ಕೂಗಿದ. ನರ್ಸಬಾಯಿ ಚೀಲದಿಂದ ಒಂದು ಕೆಂಪು ಬಾಳೆಹಣ್ಣು ತೆಗೆದು ಅವ್ವನಿಗೆ ಕೊಟ್ಟರು.

"ಕಣ್ಣು ಮುಚ್ಚಿಸಿ ಮೂಗಿಗೆ ಹಿಡೀರಿ. ಏನಂತ ಹೇಳ್ಲಿ."

ಅಪ್ಪ ಮೂಸಿದ, ಮತ್ತೆ ಮೂಸಿದ. "ಬ್ಯಾಸಗಿ ಅಲ್ಲೇನ್ರಿ… ಮಾವಿನಹಣ್ಣು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಂಬುಲೆನ್ಸ್ ಬಂತು. ನಮ್ಮನ್ನೆಲ್ಲ ಬೈಯುತ್ತಲೇ ಅಪ್ಪ ಹತ್ತಿದ. ಬದುಕಿ ಬಂದ.

ತಗಡು ತೆಗೆಯುವ ಮುಂಚೆ ಒಂದು ಬೆಳಿಗ್ಗೆ ನರ್ಸಬಾಯಿಯ ದನಿ ಬಿದ್ದುಹೋಗಿತ್ತು. "ನೀವು ಆರಾಮ್ ಇದ್ದೀರಿಲ್ರಿ, ಬಾಯಾರ?" ಅವ್ವ ಕೇಳಿದಳು.

"ಆರಾಮ್ ಅದೀನ್ರಿ," ಎಂದು ಅವರು ಮುಂದಿನ ಮನೆಗೆ ನಡೆದರು.

ಆಮೇಲೆ ಬಂದದ್ದು ಬೇರೆ ನರ್ಸ್. "ನಿನ್ನೆ ಏನ್ ಉಂಡ್ರಿ?" ಎಂದೇ ಶುರು ಮಾಡಿದರು. ನಮ್ಮ ನರ್ಸಬಾಯಿ ಜ್ವರದಲ್ಲಿ ತೀರಿಹೋದ ಸುದ್ದಿಯನ್ನೂ ಅವರೇ ಹೇಳಿದರು. ಅವ್ವ ಗೇಟು ಹಿಡಿದುಕೊಂಡು ಅತ್ತಳು. ಊರಿಗೆಲ್ಲ ಆ ಪ್ರಶ್ನೆ ಕೇಳಿದವರಿಗೆ ಅದನ್ನು ಕೇಳುವವರೇ ಇರಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ…

ಗಾಡಿಯವನಿಂದ ಹಣ್ಣು ಕೊಂಡು ಮನೆಗೆ ತಂದೆ. ಅಪ್ಪ ಒಂದನ್ನು ತೆಗೆದುಕೊಂಡು, ಯಾರೂ ಹೇಳದೆಯೇ ಕಣ್ಣು ಮುಚ್ಚಿ ಮೂಸಿದ.

"ಬಾಳೆಹಣ್ಣು ರೀ, ಬಾಯಾರ," ಎಂದ, ಗೇಟಿನ ಕಡೆ ಮುಖ ಮಾಡಿ.